ಗ್ವಾಕ್ ಮೇಷ್ಟ್ರ ಪರವಾಗಿಲ್ಲ

ಇಕ್ಸಾನ್
ಮಾರ್ಚ್ ೧೨, ೨೦೦೪

ಅತ್ತಿಗೆಯವರಿಗೆ,

ನೀವು ಹಡಗಿಗೆ ಹಾಕಿದ ಪೆಟ್ಟಿಗೆ ಮೊನ್ನೆ ಬಂತು. ಒಂದು ಮೂಲೆ ಜಜ್ಜಿಹೋಗಿದೆ, ಪುಸ್ತಕಗಳಿಗೆ ಏನೂ ಆಗಿಲ್ಲ. ಕೆಳಗಿನ ಕೋಳಿ ಅಂಗಡಿಯವನು ಮಹಡಿಗೆ ಹೊತ್ತು ತಂದು, "ಅಮ್ಮಾ, ಇದ್ರೊಳಗೆ ಪುಸ್ತಕ ಇದ್ಯೋ ಅಮೆರಿಕದ ಬಂಡೆ ಇದ್ಯೋ?" ಎಂದು ಸೊಂಟ ಹಿಡಿದುಕೊಂಡ.

ಪೆಟ್ಟಿಗೆಯೊಳಗಿದ್ದ ಪತ್ರ ಓದಿ ಗಾಬರಿಯಾದೆ. 'ತಮ್ಮನಿಗೆ ಮಾತು ಬರದೇ ಹೋದರೆ ನಾನಿಲ್ಲಿ ಯಾವ ಸುಖಕ್ಕೆ ಕೂತಿರಲಿ, ಎಲ್ಲ ಬಿಟ್ಟು ಹೊರಟುಬಿಡುತ್ತೇನೆ' ಎಂದು ಬರೆದಿದ್ದೀರಿ. ದಯವಿಟ್ಟು ಹೊರಡಬೇಡಿ. ಅದನ್ನು ಹೇಳುವುದಕ್ಕೆಂದೇ ವಿಮಾನದ ಅಂಚೆಗೆ ಹಾಕುತ್ತಿದ್ದೇನೆ. ಅವರಿಗೆ ಮಾತು ಬಂದಿದೆ.

ಹೊಸವರ್ಷದ ಹಬ್ಬದ ಮಾರನೆಯ ದಿನ ಆಸ್ಪತ್ರೆಯಲ್ಲಿ ಗಂಜಿ ಕುಡಿಸುತ್ತಿದ್ದೆ. ಬಟ್ಟಲು ವಾಲಿ ಅವರ ಎದೆಯ ಮೇಲೆಲ್ಲ ಚೆಲ್ಲಿಬಿಟ್ಟೆ. ಅಯ್ಯೋ ಎಂದು ಒರೆಸುತ್ತಿರುವಾಗ, "ಪರವಾಗಿಲ್ಲ" ಅಂದರು. ಸ್ಪಷ್ಟವಾಗಿ. ಲಕ್ವ ಹೊಡೆದ ಮೇಲೆ ನಾಲ್ಕು ತಿಂಗಳು ಆ ಬಾಯಿಂದ ಉಸಿರು ಬಿಟ್ಟರೆ ಬೇರೇನೂ ಬಂದಿರಲಿಲ್ಲ. ನಾನು ಅಲ್ಲೇ ಬಟ್ಟಲು ಹಿಡಿದುಕೊಂಡು ಗಟ್ಟಿಯಾಗಿ ಅತ್ತೆ. ಪಕ್ಕದ ಮಂಚದ ಅಜ್ಜಿ ಯಾರೋ ಸತ್ತರೆಂದು ತಿಳಿದು ತಾನೂ ಅತ್ತಳು.

ಈಗ ಮನೆಗೆ ಕರೆತಂದಿದ್ದೇವೆ. ಬಲಗೈ, ಬಲಗಾಲು ಹಾಗೇ ಇವೆ. ಡಾಕ್ಟರು ಒಂದೇ ಮಾತು ಹೇಳಿದರು: "ಇವರ ಕಿವಿಗೆ ಮಾತು ಬೀಳ್ತಾ ಇರ್ಲಿ. ಗೋಡೆ ನೋಡ್ಕೊಂಡು ಮಲಗ್ಸಿದ್ರೆ ಬಂದಿರೋದೂ ಹೋಗುತ್ತೆ." ಮಾತಿಗೆ ನಾನೆಲ್ಲಿಗೆ ಹೋಗಲಿ? ಓದುಮನೆಯ ಬೀಗ ತೆಗೆದೆ. ಶಾಲೆ ಬಿಟ್ಟ ಮೇಲೆ ಅಪಾರ್ಟ್‌ಮೆಂಟಿನ ಮಕ್ಕಳು ಬರುತ್ತಾರೆ, ಗಟ್ಟಿಯಾಗಿ ಓದುತ್ತಾರೆ. ಇವರು ಕಿಟಕಿಯ ಬಳಿ ತಮ್ಮ ಹಳೆಯ ಕುರ್ಚಿಯಲ್ಲಿ ಕೂತು ಕೇಳುತ್ತಾರೆ. ಶಾಲೆಯ ಕೆಲಸ ಬಿಟ್ಟು, ಊರಿನ ಮಕ್ಕಳಿಗೆ ಇಂಗ್ಲಿಷ್ ಕಥೆಪುಸ್ತಕ ಓದಿಸುತ್ತೇನೆ ಎಂದು ಹಟ ಹಿಡಿದು ಇದನ್ನು ತೆರೆದಾಗ ನಾನು ಎಷ್ಟು ಬೈದಿದ್ದೆ, ನಿಮಗೆ ಗೊತ್ತು. ಈಗ ಅದೇ ಅವರ ಔಷಧಿ.

ಆದರೆ ನನಗೆ ಇಂಗ್ಲಿಷ್ ಎ ಬಿ ಸಿ ದಾಟಿ ಬರುವುದಿಲ್ಲವಲ್ಲ ಅತ್ತಿಗೆ. ಮುಂದಿನ ಪೆಟ್ಟಿಗೆಯಲ್ಲಿ ಚಿತ್ರ ಜಾಸ್ತಿ ಇರುವವನ್ನು ಹಾಕಿ.

ನಿಮ್ಮ
ಸುನಿಮ್

---

ಫಿಲಡೆಲ್ಫಿಯಾ
ಏಪ್ರಿಲ್ ೫, ೨೦೦೪

ಸುನಿಮ್,

ನಿನ್ನ ಪತ್ರವನ್ನು ಅಂಗಡಿಯಲ್ಲಿ ಇಸ್ತ್ರಿ ಮಾಡುತ್ತಾ ನಿಂತೇ ಓದಿದೆ. ಯಾವನದೋ ಬಿಳಿ ಅಂಗಿಯ ಬೆನ್ನು ಸುಟ್ಟುಹೋಯಿತು. ಮಾಲೀಕ ಬೈದ. ಬೈಯಲಿ ಬಿಡು, ನನ್ನ ತಮ್ಮನಿಗೆ ಮಾತು ಬಂತು!

ಆದರೂ 'ಪರವಾಗಿಲ್ಲ' ಅಂತೆ! ಹುಟ್ಟಿದಾಗಿನಿಂದ ಅದೇ ಮಾತು ಅವನದು. ಜಾರಿ ಬಿದ್ದು ಮಂಡಿ ಒಡೆದುಕೊಂಡರೂ ಪರವಾಗಿಲ್ಲ, ಪರೀಕ್ಷೆಯಲ್ಲಿ ಮೊದಲನೆಯವನಾಗಿ ಬಂದರೂ ಪರವಾಗಿಲ್ಲ. ಅಪ್ಪ 'ಇನ್ನು ಹೆಣ್ಣು ಸಾಕು, ಇವಳೇ ಕೊನೆ' ಎಂದು ನನಗೆ ಮಾಲ್‌ಸುಕ್ ಎಂದು ಹೆಸರಿಟ್ಟ ಮೇಲೆ ಹುಟ್ಟಿದ ಗಂಡು ದೊರೆ ಅಲ್ಲವೇ? ಊರೆಲ್ಲ ಅವನಿಗೇ ಬಡಿಸಲು ಬರುತ್ತಿತ್ತು, ಅವನು ಪರವಾಗಿಲ್ಲ ಪರವಾಗಿಲ್ಲ ಎಂದು ಹಿಂದೆ ಸರಿಯುತ್ತಿದ್ದ.

ಇಲ್ಲಿಗೆ ಬಂದ ಮೊದಲ ವರ್ಷ ನಾನೂ ಹಾಗೇ ಅನ್ನುತ್ತಿದ್ದೆ. ಪಕ್ಕದ ಮನೆಯ ಬಿಳಿಯ ಹೆಂಗಸು ಕೇಕ್ ಕೊಡಲು ಬಂದಳು. ನಾನು ನಮ್ಮ ಮರ್ಯಾದೆಯಂತೆ, ಪರವಾಗಿಲ್ಲ ಅಂದೆ. ಆ ಪುಣ್ಯಾತ್ಗಿತ್ತಿ ಕೇಕ್ ಎತ್ತಿಕೊಂಡು ಹೋಗಿಯೇಬಿಟ್ಟಳು! ಇಲ್ಲಿಯವರು ಒಂದೇ ಸಲ ಕೇಳುವುದು. ಆ ವರ್ಷವೆಲ್ಲ ಪರವಾಗಿಲ್ಲ ಅಂದು ಅಂದು ಹಸಿದುಕೊಂಡೇ ಇದ್ದೆ. ಈಗ ಕೇಳಿದ ಕೂಡಲೇ ಎರಡೂ ಕೈ ಚಾಚುತ್ತೇನೆ.

ಪುಸ್ತಕದ ಚಿಂತೆ ಬಿಡು. ಇಲ್ಲಿಯ ಲೈಬ್ರರಿಯವರು ಹಳೆಯವನ್ನು ಹೊರಗೆ ಹಾಕುತ್ತಾರೆ, ಚರ್ಚಿನ ನೆಲಮಾಳಿಗೆಯಲ್ಲೂ ರಾಶಿ ಬಿದ್ದಿವೆ. ಭಾನುವಾರ ಹೋಗಿ ಮುದ್ದು ಮುದ್ದಾದ ಪ್ರಾಣಿ ಇರುವವನ್ನೆಲ್ಲ ಬಾಚಿಕೊಂಡು ಬರುತ್ತೇನೆ. ನನ್ನ ಇಂಗ್ಲಿಷ್ ಎಂದರೆ ಕಾಲರು, ಗುಂಡಿ, ಎಣ್ಣೆ ಕಲೆ, ಸಾಸಿವೆ ಕಲೆ, ಅಷ್ಟೇ. ಒಳಗೇನಿದೆ ಎಂದು ನನ್ನನ್ನು ಕೇಳಬೇಡ.

ಫೋನ್ ಮಾಡೋಣವೆಂದು ಎರಡು ಸಲ ಎತ್ತಿ ಇಟ್ಟೆ. ಅಮ್ಮ ಹೋದಾಗ ನಾನು ಬರಲಿಲ್ಲವೆಂದು ಅವನು ಫೋನಿನಲ್ಲಿ ಕಿರುಚಿದ್ದು ಇನ್ನೂ ಕಿವಿಯಲ್ಲಿದೆ. ಆವತ್ತಿನಿಂದ ಇಬ್ಬರೂ ಫೋನಿಗೆ ಕೈ ಮುಗಿದುಬಿಟ್ಟೆವು. ಬರುವುದು ನನ್ನ ಕೈಲಿತ್ತೇ ಹೇಳು? ನಾಲ್ಕು ದಿನದ ಪ್ರವಾಸಿ ಎಂದು ಬಂದು ಉಳಿದುಬಿಟ್ಟವಳು. ಒಮ್ಮೆ ಹೊರಗೆ ಕಾಲಿಟ್ಟರೆ ಇವರು ಮತ್ತೆ ಒಳಗೆ ಬಿಡುವುದಿಲ್ಲ.

ಒಂದು ಉಪಕಾರ ಮಾಡು. ಅವನನ್ನು ಕೇಳು: ಅಮ್ಮನ ಮಣ್ಣಿಗೆ ಬರಲಿಲ್ಲವೆಂದು ಅಕ್ಕನ ಮೇಲೆ ಈಗಲೂ ಸಿಟ್ಟಿದೆಯಾ? ಅವನು ಹೇಳಿದ್ದನ್ನು ಹೇಳಿದ ಹಾಗೇ ಬರಿ.

ಮಾಲ್‌ಸುಕ್

---

ಇಕ್ಸಾನ್
ಮೇ ೨, ೨೦೦೪

ಅತ್ತಿಗೆಯವರಿಗೆ,

ಕೇಳಿದೆ. "ನಿಮ್ ಅಕ್ಕನ ಮೇಲೆ ಇನ್ನೂ ಸಿಟ್ಟಿದ್ಯಾ?" ಅಂದೆ. ನನ್ನ ಮುಖವನ್ನೇ ನೋಡಿ "ಪರವಾಗಿಲ್ಲ" ಅಂದರು. ಹೇಳಿದ ಹಾಗೇ ಬರೆದಿದ್ದೇನೆ. ಅಂದಾಗ ಅವರ ಎಡಗಣ್ಣಿನಲ್ಲಿ ನೀರಿತ್ತು. ಬಲಗಣ್ಣಿನಲ್ಲಿ ಯಾವಾಗಲೂ ಇರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಓದುಮನೆಯ ಸಂಗತಿ ಕೇಳಿದರೆ ನಗುತ್ತೀರಿ. ಅವರು ಹುಷಾರಿದ್ದಾಗ ಪುಸ್ತಕದ ಬೆನ್ನಿಗೆ ಬಣ್ಣದ ಪಟ್ಟಿ ಅಂಟಿಸುತ್ತಿದ್ದರಲ್ಲ, ಹಳದಿ ಎಂದರೆ ಸುಲಭ, ಹಸಿರು ಅದಕ್ಕಿಂತ ಕಷ್ಟ, ನೀಲಿ ದೊಡ್ಡ ಮಕ್ಕಳಿಗೆ. ಹೊಸ ಪೆಟ್ಟಿಗೆಯ ಪುಸ್ತಕಗಳಿಗೆ ಪಟ್ಟಿ ಇಲ್ಲ. ಯಾವುದು ಯಾವುದೆಂದು ನನಗೇನು ತಿಳಿಯಬೇಕು? ತೂಕ ನೋಡಿ ಅಂಟಿಸುತ್ತಿದ್ದೆ. ಮೂರನೆಯ ತರಗತಿಯ ಬೋರಾಮ್ ಎಂಬ ಹುಡುಗಿ ಅದನ್ನು ನೋಡಿ ಹತ್ತಿರ ಬಂದು ಪಿಸುಗುಟ್ಟಿದಳು: "ಅಜ್ಜಿ, ನಿಂಗೆ ಇಂಗ್ಲಿಷ್ ಬರಲ್ಲ ಅಲ್ವಾ?" ನನಗೆ ಅಜ್ಜಿಯಾಗುವ ವಯಸ್ಸೇ? ಆದರೂ ತಲೆಯಾಡಿಸಿದೆ. ಆಮೇಲೆ ಅವಳೇ ಎಲ್ಲ ಮಕ್ಕಳನ್ನು ಕೂರಿಸಿಕೊಂಡು ಗುಟ್ಟು ಮಾಡಿದಳು. ಈಗ ಪ್ರತಿ ಹೊಸ ಪುಸ್ತಕವನ್ನೂ ಅವರೇ ಓದಿ ನೋಡಿ ಪಟ್ಟಿ ಅಂಟಿಸುತ್ತಾರೆ. ಯಾರ ಮನೆಯಲ್ಲೂ ಬಾಯಿ ಬಿಟ್ಟಿಲ್ಲ.

ನನ್ನ ಕೆಲಸವೆಂದರೆ ಬಾರ್ಲಿ ನೀರು ಕಾಯಿಸಿಕೊಡುವುದು, ಮಕ್ಕಳು ಓದಿದ್ದಕ್ಕೆ ಹೂಂಗುಟ್ಟುವುದು. ಅವರು ಓದಿ ಮುಗಿಸಿ ಕುರ್ಚಿಯತ್ತ ನೋಡುತ್ತಾರೆ. ತಪ್ಪಿ ತಡವರಿಸಿದವರಿಗೂ "ಪರವಾಗಿಲ್ಲ" ಅನ್ನುತ್ತಾರೆ ಇವರು. ಟ್ಯೂಷನ್ ಮೇಷ್ಟ್ರ ಕೈಲಿ ಬೈಸಿಕೊಂಡು ಬಂದ ಮಕ್ಕಳು ಅದಕ್ಕೇ ಇಲ್ಲಿಗೆ ಓಡಿ ಬರುವುದು. "ಗ್ವಾಕ್ ಮೇಷ್ಟ್ರು ಪರವಾಗಿಲ್ಲ ಅಂದ್ರು!" ಎಂದು ಮೆಟ್ಟಿಲಿಳಿಯುತ್ತಾ ಕೂಗುತ್ತಾರೆ.

ತಾಯಂದಿರದ್ದೇ ತಲೆನೋವು. "ಬರೀ ಓದ್ಸಿದ್ರೆ ಆಯ್ತಾ, ಟೆಸ್ಟ್ ಎಲ್ಲಿ? ನಮ್ ಮಗು ಎಷ್ಟನೇ ಮಟ್ಟದಲ್ಲಿದೆ ಅಂತ ನಂಗೆ ಹೆಂಗ್ ಗೊತ್ತಾಗ್ಬೇಕು?" ಎನ್ನುತ್ತಾರೆ. ಹೊಸ ಪುಸ್ತಕ ಕಂಡರೆ ಸ್ವಲ್ಪ ಸುಮ್ಮನಾಗುತ್ತಾರೆ. ನಿಮ್ಮ ಪೆಟ್ಟಿಗೆ ಬಂದ ವಾರವೆಲ್ಲ ಅವರ ಮುಖದಲ್ಲಿ ಕಳೆ ಇರುತ್ತದೆ. ಅದೇ ನನ್ನ ಬಂಡವಾಳ, ಅತ್ತಿಗೆ. ಪೆಟ್ಟಿಗೆ ನಿಲ್ಲಿಸಬೇಡಿ.

ಸುನಿಮ್

---

ಫಿಲಡೆಲ್ಫಿಯಾ
ಜೂನ್ ೨೧, ೨೦೦೪

ಸುನಿಮ್,

ಸಿಟ್ಟಿಲ್ಲವಂತೆ. ಎಂಟು ವರ್ಷದ ಭಾರ ಇಳಿಯಿತು. ಆ ರಾತ್ರಿ ಮಗುವಿನ ಹಾಗೆ ನಿದ್ದೆ ಬಂತು.

ಎದ್ದ ಮೇಲೆ ಇನ್ನೊಂದು ಯೋಚನೆ ಹೊಕ್ಕಿತು, ಅಂದಿನಿಂದ ಬಿಟ್ಟಿಲ್ಲ. ಅವನು ಅರ್ಧ ಮೈ ಸತ್ತು ಕುರ್ಚಿಯಲ್ಲಿ ಕೂತಿದ್ದಾನೆ. ನನಗೂ ಅರವತ್ತು ದಾಟಿತು. ಗಂಡ ಹೋದ. ಈಗ ಬರದಿದ್ದರೆ ಇನ್ನು ಬರುವುದು ಯಾವಾಗ, ಅವನ ಮಣ್ಣಿಗಾ? ಅದಕ್ಕೂ ತಪ್ಪಿಸಿಕೊಂಡವಳು ಎನ್ನಿಸಿಕೊಳ್ಳಲಾ?

ಬಂದರೆ ಏನಾಗುತ್ತದೆ ಎಂದು ನಿನಗೂ ಗೊತ್ತಿರಲಿ. ನನ್ನ ಮಗ ಡ್ಯಾನಿಯಲ್ಲನ ಹೆಂಡತಿ ಬಸುರಿ. ಡಿಸೆಂಬರಿಗೆ ಹೆರಿಗೆ. ನಾನು ವಿಮಾನ ಹತ್ತಿದರೆ ಹತ್ತು ವರ್ಷ ಈ ದೇಶದ ಬಾಗಿಲು ನನಗೆ ಮುಚ್ಚಿತು. ಮೊಮ್ಮಗುವನ್ನು ಫೋಟೋದಲ್ಲಿ ನೋಡಬೇಕು. ಮಗನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಪಾಸ್‌ಪೋರ್ಟ್ ಬಚ್ಚಿಡುತ್ತಾನೆ.

ಹಾಗೆಂದು ಅಳುಬುರುಕಿಯ ಹಾಗೆ ಯಾರೂ ಕರೆಯದೆ ಬಂದು ಬಾಗಿಲಲ್ಲಿ ನಿಲ್ಲುವವಳಲ್ಲ ನಾನು. ಅವನಿಗೆ ನಾನು ಬೇಕಿದ್ದರೆ ಬರುತ್ತೇನೆ. ನೇರವಾಗಿ ಕೇಳು: 'ಅಕ್ಕ ಬರಬೇಕಾ?' ಅವನು ಹೂಂ ಅಂದರೆ ಮೊಮ್ಮಗು, ಅಂಗಡಿ, ಎಲ್ಲ ಬಿಟ್ಟೆ. ನಿನ್ನ ಅಭಿಪ್ರಾಯ ಸೇರಿಸಬೇಡ. ಅವನ ಬಾಯಿಂದ ಬಂದದ್ದು ಮಾತ್ರ ಬರಿ.

ಪೆಟ್ಟಿಗೆ ಕಳಿಸಿದ್ದೇನೆ. ಕರಡಿ, ಬಾತುಕೋಳಿ, ಮೊಲ, ಎಲ್ಲ ಇವೆ.

ಮಾಲ್‌ಸುಕ್

---

ಇಕ್ಸಾನ್
ಜುಲೈ ೨೪, ೨೦೦೪

ಅತ್ತಿಗೆಯವರಿಗೆ,

ಉತ್ತರ ತಡವಾಯಿತು. ಬೇಸಿಗೆ ರಜೆ, ಸೆಕೆಗೆ ಮಕ್ಕಳೆಲ್ಲ ಇಲ್ಲಿಯ ಫ್ಯಾನಿನ ಕೆಳಗೇ ಇರುತ್ತಾರೆ.

ನೀವು ಹೇಳಿದ ಹಾಗೆ ಕೇಳಿದೆ. ಅವರು "ಪರವಾಗಿಲ್ಲ" ಅಂದರು.

ಪೆಟ್ಟಿಗೆ ಬಂತು. ಅದರಲ್ಲಿದ್ದ ಮೊಲದ ಪುಸ್ತಕದಿಂದ ಒಂದು ರಾದ್ಧಾಂತವಾಯಿತು. ರಟ್ಟಿನ ಮೇಲೆ ಬಿಳಿ ಮೊಲ ಎಷ್ಟು ಚೆನ್ನಾಗಿತ್ತು! ಅವಸರದಲ್ಲಿ ಮಕ್ಕಳಿಗೆ ತೋರಿಸದೆ ನಾನೇ ಹಳದಿ ಪಟ್ಟಿ ಅಂಟಿಸಿ ಐದು ವರ್ಷದ ಮಗುವಿಗೆ ಕೊಟ್ಟೆ. ಅದು ಮೊಲ ಸಾಕಿ, ಕೊಯ್ದು, ಚರ್ಮ ಸುಲಿದು, ಅಡುಗೆ ಮಾಡುವ ಪುಸ್ತಕವಂತೆ. ಒಳಗೆ ಚಿತ್ರಗಳೂ ಇದ್ದವು. ಮಗು ರಾತ್ರಿಯೆಲ್ಲ ಚೀರಿಕೊಂಡಿತಂತೆ. ಮಾರನೆಯ ದಿನ ಬೋರಾಮ್ ತಾಯಿ ನಾಲ್ಕು ಜನ ತಾಯಂದಿರನ್ನು ಕಟ್ಟಿಕೊಂಡು ಬಂದರು. ಪುಸ್ತಕವನ್ನು ನನ್ನ ಮುಂದೆ ಬಿಚ್ಚಿಟ್ಟು, "ಮೇಡಂ, ಇದ್ರಲ್ಲಿ ಒಂದ್ ಸಾಲು ಓದಿ ನೋಡೋಣ" ಅಂದರು. ನಾನು ತಲೆ ತಗ್ಗಿಸಿ ನಿಂತೆ. "ನೋಡಿದ್ರಾ, ನಾನ್ ಹೇಳ್ಲಿಲ್ವಾ? ಇಂಗ್ಲಿಷ್ ಲೈಬ್ರರಿಯಂತೆ, ನಡೆಸೋರಿಗೆ ಇಂಗ್ಲಿಷೇ ಬರಲ್ಲ!" ಎಂದು ಒಬ್ಬರು ನಕ್ಕರು. ಹಿಂದಿನಿಂದ ಇವರು "ಪರವಾಗಿಲ್ಲ" ಅಂದರು. ತಾಯಂದಿರ ಸಿಟ್ಟು ಇನ್ನೂ ಏರಿತು. "ಇವ್ರಿಗೆ ಪರವಾಗಿಲ್ವಂತೆ ಕಣ್ರೀ!"

ಅರ್ಧ ಮಕ್ಕಳು ಬಿಟ್ಟುಹೋದರು. ಶರತ್ಕಾಲದ ತರಗತಿ ಶುರುವಾಗುವ ಮುಂಚೆ ಒಳ್ಳೆಯ ಪುಸ್ತಕ ಬಂದರೆ ಕೆಲವರಾದರೂ ಹಿಂದಿರುಗಬಹುದು. ದೊಡ್ಡ ಪೆಟ್ಟಿಗೆಯನ್ನೇ ಕಳಿಸಿ.

ಸುನಿಮ್

---

ಫಿಲಡೆಲ್ಫಿಯಾ
ಆಗಸ್ಟ್ ೧೬, ೨೦೦೪

ಸುನಿಮ್,

ಪತ್ರ ತಲುಪಿತು. ಅವನ ಉತ್ತರ ತಿಳಿಯಿತು. ಸಾಯುವ ಮುಂಚೆ ಅಕ್ಕನ ಮುಖ ನೋಡಬೇಕೆಂದು ಅವನಿಗೆ ಅನ್ನಿಸದಿದ್ದರೆ ನಾನೇಕೆ ತಲೆ ಕೆಡಿಸಿಕೊಳ್ಳಲಿ? ಇಷ್ಟು ವರ್ಷ ಪುಸ್ತಕ ಹೊತ್ತದ್ದಕ್ಕೆ ಒಳ್ಳೆಯ ಬಹುಮಾನ ಸಿಕ್ಕಿತು.

ಮೊಲದ ವಿಷಯಕ್ಕೆ ತಪ್ಪು ನನ್ನದೇ. ಇನ್ನು ಮೇಲೆ ಓದಲು ಬರುವವರ ಹತ್ತಿರ ತರಿಸಿಕೊಳ್ಳುವುದು ಒಳ್ಳೆಯದು. ನನಗೆ ಮಂಡಿನೋವು, ಆ ನೆಲಮಾಳಿಗೆಯ ಮೆಟ್ಟಿಲು ಹತ್ತಿಳಿಯಲು ಆಗುವುದಿಲ್ಲ.

ಎಲ್ಲರೂ ಆರೋಗ್ಯವಾಗಿರಿ.

ಮಾಲ್‌ಸುಕ್

---

ಇಕ್ಸಾನ್
ಸೆಪ್ಟೆಂಬರ್ ೩೦, ೨೦೦೪

ಅತ್ತಿಗೆಯವರಿಗೆ,

ಛುಸೊಕ್ ಹಬ್ಬ ಕಳೆಯಿತು. ಅತ್ತೆಯವರ ಎಡೆಗೆ ಹೊಸ ಅಕ್ಕಿಯ ಕಡುಬು ಮಾಡಿದೆ. ಇವರಿಗೆ ಬಾಗಲು ಆಗಲಿಲ್ಲ, ಕೂತಲ್ಲಿಂದಲೇ ತಲೆ ತಗ್ಗಿಸಿದರು. ನಿಮಗೆ ಮೆಣಸಿನ ಪುಡಿ, ಒಣಮೀನು ಕಳಿಸಿದ್ದೇನೆ. ಮಂಡಿಗೆ ಬಿಸಿ ಉಪ್ಪಿನ ಶಾಖ ಕೊಡಿ.

ಪೆಟ್ಟಿಗೆ ಬರಲಿಲ್ಲ. ದಿನಾ ಕೋಳಿ ಅಂಗಡಿಯವನನ್ನು ಕೇಳಿ ಕೇಳಿ ಅವನಿಗೇ ಬೇಜಾರಾಗಿದೆ. "ಅಮ್ಮಾ, ಆ ಹಡಗು ಮುಳುಗ್ತು ಅಂತ ತಿಳ್ಕೊಂಬಿಡಿ" ಅಂದ. ನನ್ನ ಮೇಲೆ ಬೇಸರವಿದ್ದರೆ ಎರಡು ಮಾತು ಬೈದು ಬರೆಯಿರಿ. ಪುಸ್ತಕ ನಿಲ್ಲಿಸಬೇಡಿ.

ಇರುವ ಮಕ್ಕಳು ಎಲ್ಲವನ್ನೂ ಓದಿ ಮುಗಿಸಿದ್ದಾರೆ. ಓದಿದ್ದನ್ನೇ ಮತ್ತೆ ಓದುತ್ತಾರೆ. ಬೋರಾಮ್ ಮಾತ್ರ ತಾಯಿಗೆ ಟೇಕ್ವಾಂಡೋ ಕಲಿಯಲು ಹೋಗುತ್ತೇನೆಂದು ಸುಳ್ಳು ಹೇಳಿ, ಬಿಳಿ ಬಟ್ಟೆ ತೊಟ್ಟು ಇಲ್ಲಿಗೆ ಬರುತ್ತಾಳೆ. ತಪ್ಪೆಂದು ಗೊತ್ತಿದ್ದೂ ನಾನು ಕಳಿಸುವುದಿಲ್ಲ. ಅವಳ ದನಿಯಾದರೂ ಇವರ ಕಿವಿಗೆ ಬೀಳಲಿ ಎಂಬ ಸ್ವಾರ್ಥ.

ಸುನಿಮ್

---

ಇಕ್ಸಾನ್
ನವೆಂಬರ್ ೬, ೨೦೦೪

ಅತ್ತಿಗೆಯವರಿಗೆ,

ನಿಮ್ಮಿಂದ ಉತ್ತರವಿಲ್ಲ. ಇದನ್ನಾದರೂ ಹರಿಯದೆ ಓದಿ, ಕೈಮುಗಿಯುತ್ತೇನೆ.

ಕಟ್ಟಡದ ಯಜಮಾನರು ಬಂದಿದ್ದರು. ಚಳಿಗಾಲ ಮುಗಿಯುವಾಗ ಈ ಕೋಣೆಯನ್ನು ಗಣಿತದ ಟ್ಯೂಷನ್ನಿನವರಿಗೆ ಕೊಡುತ್ತಾರಂತೆ. "ಮಕ್ಕಳೇ ಇಲ್ದಿರೋ ಕಡೆ ಮಕ್ಕಳ ಲೈಬ್ರರಿ ಯಾಕ್ರೀ? ಕೋಣೆ ತುಂಬ ಮಕ್ಕಳು ಬಂದ್ರೆ ನಾನ್ಯಾಕೆ ಬಿಡಿಸ್ಲಿ?" ಅಂದರು. ಸುಳ್ಳೇನಲ್ಲ. ಕಳೆದ ವಾರ ಎರಡು ದಿನ ಒಂದು ಮಗುವೂ ಬರಲಿಲ್ಲ. ನಾನೇ ಹಳದಿ ಪುಸ್ತಕವೊಂದನ್ನು ತೆಗೆದುಕೊಂಡು ಬೆರಳಿಟ್ಟು ಓದಲು ಕೂತೆ. ಎರಡು ಸಾಲು ದಾಟಲಾಗದೆ ಮುಚ್ಚಿಟ್ಟೆ. ಮೂರನೆಯ ದಿನ ಇವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡು ಕೂತಿದ್ದರು. ಡಾಕ್ಟರು ಯಾವುದಕ್ಕೆ ಹೆದರಿಸಿದ್ದರೋ ಅದನ್ನೇ ಕಣ್ಣಾರೆ ನೋಡುತ್ತಿದ್ದೇನೆ.

ಅತ್ತಿಗೆ, ನಾನು ನಿಮಗೆ ಒಂದು ಸುಳ್ಳನ್ನೂ ಬರೆದಿಲ್ಲ. ಆದರೆ ನಿಜವನ್ನೂ ಬರೆಯಲಿಲ್ಲ. ಅವರಿಗೆ ಬಂದಿರುವುದು ಅದೊಂದೇ ಮಾತು. ಇನ್ನೊಂದಿಲ್ಲ. ಊಟ ಬೇಕಾ ಎಂದರೆ ಪರವಾಗಿಲ್ಲ, ಬೇಡವಾ ಎಂದರೂ ಪರವಾಗಿಲ್ಲ. ನೋವಾದಾಗ, ಖುಷಿಯಾದಾಗ, ಹಾಸಿಗೆ ಒದ್ದೆಯಾದಾಗ, ನನ್ನ ಹೆಸರು ಕರೆಯಬೇಕಾದಾಗ, ಎಲ್ಲಕ್ಕೂ ಅದೇ. ಮೆದುಳಿನಲ್ಲಿ ಎಲ್ಲ ಮಾತೂ ಅಳಿಸಿಹೋಗಿ ಒಂದು ಮಾತ್ರ ಉಳಿದುಕೊಂಡಿದೆ ಎಂದರು ಡಾಕ್ಟರು. ಕೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತದೆ. ಹೇಳಲು ಬಾಯಿಗೆ ಬೇರೇನೂ ಸಿಗುವುದಿಲ್ಲ. ಮಕ್ಕಳಿಗೆ ಇದು ಮೊದಲ ದಿನವೇ ಗೊತ್ತಾಗಿತ್ತು.

ನಿಮ್ಮ ಪ್ರಶ್ನೆಗಳಿಗೂ ಅವರು ಅದನ್ನೇ ಅಂದದ್ದು. ಸಿಟ್ಟಿದೆಯೋ ಇಲ್ಲವೋ, ನೀವು ಬೇಕೋ ಬೇಡವೋ, ನನಗೂ ತಿಳಿಯದು. ನಿಮಗೆ ಯಾವ ಅರ್ಥ ಬರುತ್ತದೆಂದು ಗೊತ್ತಿದ್ದೇ ನಾನು ಹಾಗೆ ಬರೆದು ಕಳಿಸಿದೆ.

ಏಕೆಂದು ಕೇಳಿ. ಆ ದಿನ ಆಂಬ್ಯುಲೆನ್ಸಿನಲ್ಲಿ ಬಾಯಿ ಸೊಟ್ಟಗಾಗುತ್ತಿರುವಾಗ ನನ್ನ ಕೈ ಹಿಡಿದು ಹೇಳಿದರು: "ಅಕ್ಕಂಗೆ ಹೇಳ್ಬೇಡ, ಬಂದ್ಬಿಡ್ತಾಳೆ." ಅದು ಅವರ ಬಾಯಿಂದ ಬಂದ ಕೊನೆಯ ಇಡೀ ಮಾತು. ಲಕ್ವದ ಸುದ್ದಿಯನ್ನು ನಿಮಗೆ ಬೇರೆ ಯಾರೋ ತಿಳಿಸಿದರು. ನೀವು ಬಂದುಬಿಡದ ಹಾಗೆ ನೋಡಿಕೊಳ್ಳುವುದೊಂದು ನನಗೆ ಉಳಿದಿತ್ತು. ನೋಡಿಕೊಂಡೆ. ನಿಮ್ಮ ಮೊಮ್ಮಗುವಿನ ಮುಖ ನಿಮಗೆ ಸಿಗಲೆಂದು ನಿಮ್ಮ ತಮ್ಮನನ್ನೇ ನಿಮಗೆ ಕಲ್ಲು ಮಾಡಿಬಿಟ್ಟೆ. ನನ್ನನ್ನು ಬೈಯಿರಿ. ಅವರನ್ನು ಬಿಡಬೇಡಿ.

ಸುನಿಮ್

---

ಫಿಲಡೆಲ್ಫಿಯಾ
ನವೆಂಬರ್ ೨೪, ೨೦೦೪

ಅಯ್ಯೋ ಪಾಪಿ ಸುನಿಮ್,

ನಿನ್ನನ್ನು ಏನೆಂದು ಬೈಯಲಿ? ಮೂರು ಹಾಳೆ ಬೈದು ಬರೆದೆ, ಹರಿದು ಹಾಕಿದೆ. ನಿನಗಿಂತ ದೊಡ್ಡ ಪೆದ್ದಿ ನಾನು. ಅವನ ಒಡಹುಟ್ಟಿದವಳಾಗಿ, ಅವನ ಪರವಾಗಿಲ್ಲದ ಅರ್ಥ ನನಗೆ ತಿಳಿಯದೇ ಹೋಯಿತಲ್ಲ!

ಕೇಳು. ಅವನಿಗೆ ಏಳು ವರ್ಷವಿರಬೇಕು. ಯಾರದೋ ಅರವತ್ತರ ಹಬ್ಬಕ್ಕೆ ಅಮ್ಮ ನಮ್ಮಿಬ್ಬರನ್ನು ಕಳಿಸಿದ್ದಳು. ಆ ಬರಗಾಲದಲ್ಲಿ ಅಕ್ಕಿಯ ಕಡುಬು ಕಂಡು ಎಷ್ಟು ತಿಂಗಳಾಗಿತ್ತೋ. ಆ ಮನೆಯ ಸೊಸೆ ತಟ್ಟೆ ಹಿಡಿದು ಬಂದು, "ತಗೋ ಮರಿ" ಅಂದಳು. ಇವನು ಅಮ್ಮ ಕಲಿಸಿದ ಹಾಗೆ "ಪರವಾಗಿಲ್ಲ" ಅಂದ. ಅವಳು ಯಾರೋ ಕರೆದರೆಂದು ತಟ್ಟೆ ಹಿಡಿದು ಹಾಗೇ ಮುಂದೆ ಹೋಗಿಬಿಟ್ಟಳು. ಮನೆಯವರೆಗೂ ಅತ್ತ. "ಅವ್ರು ಇನ್ನೊಂದ್ ಸಲ ಕೇಳ್ಲಿಲ್ಲ ಅಕ್ಕ, ಇನ್ನೊಂದ್ ಸಲ ಯಾಕ್ ಕೇಳ್ಲಿಲ್ಲ?" ಎಂದು ದಾರಿಯುದ್ದಕ್ಕೂ ಕೇಳಿದ. ಆವತ್ತಿನಿಂದ ಅವನಿಗೆ ಏನೇ ಕೊಡುವುದಿದ್ದರೂ ನಾನು ಎರಡು ಸಲ ಕೇಳುತ್ತಿದ್ದೆ. ಮೊದಲನೆಯ ಪರವಾಗಿಲ್ಲ ಮರ್ಯಾದೆಯದು. ಅವನ ಮಾತಿರುವುದು ಎರಡನೆಯದರಲ್ಲಿ.

ಹದಿನಾರು ವರ್ಷ ಇಲ್ಲಿದ್ದು ನಾನೂ ಇವರಂತೆ ಒಂದೇ ಸಲ ಕೇಳುವವಳಾಗಿಬಿಟ್ಟೆ, ಸುನಿಮ್. ಹಾಳಾದ ಆ ಕೇಕಿನ ಹೆಂಗಸನ್ನು ಆಡಿಕೊಂಡು ನಕ್ಕವಳು, ತಮ್ಮನ ಮುಂದೆ ತಟ್ಟೆ ಹಿಡಿದು ಒಂದೇ ಮಾತಿಗೆ ತಿರುಗಿ ಹೋದೆ. ಮೇಲಿಂದ ಸಿಟ್ಟು ಬೇರೆ. ಮಕ್ಕಳ ಪುಸ್ತಕ ನಿಲ್ಲಿಸಿದೆ. ಅವನನ್ನು ಗೋಡೆಯ ಕಡೆ ತಿರುಗಿಸಿದವಳು ನಾನು.

ಮಂಡಿ ನೋವೂ ಇಲ್ಲ ಏನೂ ಇಲ್ಲ. ನಿನ್ನೆ ನೆಲಮಾಳಿಗೆಗೆ ಹೋಗಿ ಎರಡು ಪೆಟ್ಟಿಗೆ ತುಂಬಿದೆ. ಈ ಸಲ ಪ್ರತಿಯೊಂದನ್ನೂ ಬಿಡಿಸಿ ಒಳಗೆ ನೋಡಿದ್ದೇನೆ. ಮೊಲಗಳೆಲ್ಲ ಜೀವಂತವಾಗಿವೆ. ಆದರೆ ಹಡಗಿಗೆ ಹಾಕಿಲ್ಲ. ಬಾಗಿಲ ಬಳಿ ಇಟ್ಟುಕೊಂಡು ಕೂತಿದ್ದೇನೆ.

ಅವನನ್ನು ಮತ್ತೆ ಕೇಳು. ಪರವಾಗಿಲ್ಲ ಅಂದರೆ ಸುಮ್ಮನೆ ಕೂತಿರು, ಎದ್ದು ಹೋಗಬೇಡ, ಬೇರೆ ಮಾತು ಎತ್ತಬೇಡ. ಆಮೇಲೆ ಎರಡನೆಯ ಸಲ ಕೇಳು. ಅವನು ಏನು ಅನ್ನುತ್ತಾನೆ ಎನ್ನುವುದಕ್ಕಿಂತ, ಏನು ಮಾಡುತ್ತಾನೆ ನೋಡು.

ನಿನ್ನನ್ನೂ ಕೇಳುತ್ತಿದ್ದೇನೆ. ನಾನು ಬರಲಾ? ಹರಕು ಮುರುಕಾದರೂ, ಚಿತ್ರ ನೋಡಿಕೊಂಡು, ಆ ಪುಸ್ತಕಗಳನ್ನು ನಾನು ಮಕ್ಕಳಿಗೆ ಓದಿ ಹೇಳಬಲ್ಲೆ. ನಿನ್ನ ಮುಂದಿನ ಪತ್ರ ಬರುವವರೆಗೆ ಮಗನಿಗೆ ಹೇಳುವುದಿಲ್ಲ.

ಮಾಲ್‌ಸುಕ್

---

ಇಕ್ಸಾನ್
ಡಿಸೆಂಬರ್ ೮, ೨೦೦೪

ಅತ್ತಿಗೆಯವರಿಗೆ,

ನಿಮ್ಮ ಪತ್ರ ಬಂದ ಮಧ್ಯಾಹ್ನವೇ ಕೇಳಿದೆ. ಒಲೆ ಹಚ್ಚಿದ್ದೆ, ಬಾರ್ಲಿ ನೀರು ಕುದಿಯುತ್ತಿತ್ತು. ಬೋರಾಮ್ ಒಬ್ಬಳೇ ಬಂದಿದ್ದಳು, ಓದುವುದನ್ನು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದಳು. ಇವರ ಕುರ್ಚಿಯನ್ನು ಗೋಡೆಯಿಂದ ನನ್ನ ಕಡೆಗೆ ತಿರುಗಿಸಿ, ಎದುರು ಕೂತೆ.

"ನಿಮ್ ಅಕ್ಕನ್ನ ಬಾ ಅಂತ ಕರೀಲಾ?"

"ಪರವಾಗಿಲ್ಲ."

ಯಾವಾಗಿನ ಹಾಗೇ, ತಕ್ಷಣ. ಇಷ್ಟು ದಿನ ನಾನು ಇಲ್ಲಿಗೇ ಎದ್ದು ಹೋಗುತ್ತಿದ್ದೆ. ಎರಡನೆಯ ಸಲ ಕೇಳಲು ನನಗೇ ಭಯವಿತ್ತು. ಈ ಸಲ ಕೂತೇ ಇದ್ದೆ. ಅವರು ನನ್ನನ್ನು ನೋಡಿದರು, ಬಾಗಿಲ ಕಡೆ ನೋಡಿದರು, ಮತ್ತೆ ನನ್ನನ್ನು ನೋಡಿದರು. ನಾನು ಏಳಲಿಲ್ಲ.

"ನಿಜವಾಗ್ಲೂ ಕೇಳ್ತಿದೀನಿ. ಅಕ್ಕನ್ನ ಕರೀಲಾ?"

ಬಾಯಿ ತೆರೆದರು. ತುಟಿ ಕೂಡಿ 'ಪ' ಎಂದು ಹೊರಟಿತು. ಅಷ್ಟರಲ್ಲಿ ಎಡಗೈ ಎತ್ತಿ ತಮ್ಮ ಬಾಯಿಯನ್ನು ತಾವೇ ಮುಚ್ಚಿಕೊಂಡರು. ಗಟ್ಟಿಯಾಗಿ, ಬೆರಳು ಕೆನ್ನೆಗೆ ಒತ್ತುವ ಹಾಗೆ. ಒಳಗಿನಿಂದ ಆ ಒಂದು ಮಾತು ತಾನಾಗಿ ನುಗ್ಗಿ ಬರುತ್ತಿತ್ತು ಅತ್ತಿಗೆ, ಅವರು ಬಿಡಲಿಲ್ಲ. ಇರುವ ಒಂದೇ ಮಾತನ್ನು ಹಾಗೆ ಹಿಡಿದು ನುಂಗಿದರು. ಕಣ್ಣಿಂದ ನೀರು ಕೈಮೇಲೆ ಇಳಿಯಿತು, ಎರಡೂ ಕಣ್ಣಿಂದ.

ಬೋರಾಮ್ ಎದ್ದು ಬಂದು ಅವರ ಮೊಣಕೈ ಹಿಡಿದುಕೊಂಡು, "ಅಜ್ಜಿ, ಮೇಷ್ಟ್ರು ಪರವಾಗಿಲ್ಲ ಅನ್ಲಿಲ್ಲ" ಅಂದಳು.

ಬಂದರೆ ನಿಮಗೆ ಏನು ತಪ್ಪಿಹೋಗುತ್ತದೆಂದು ಗೊತ್ತು. ಈ ಪತ್ರ ತಲುಪುವಾಗ ನಿಮ್ಮ ಸೊಸೆಗೆ ಹೆರಿಗೆಯಾಗಿರಬಹುದು. ಮಗುವನ್ನು ಒಮ್ಮೆ ಎತ್ತಿಕೊಂಡು ಬನ್ನಿ. ಈ ಕೋಣೆ ನಮಗೆ ಉಳಿಯುತ್ತದೆಂದು ನಾನು ಮಾತು ಕೊಡಲಾರೆ. ನೀವು ಬರುವಷ್ಟರಲ್ಲಿ ಪುಸ್ತಕಗಳೆಲ್ಲ ನಮ್ಮ ಮನೆಯ ನೆಲದ ಮೇಲಿರಬಹುದು, ಓದಲು ಬೋರಾಮ್ ಒಬ್ಬಳೇ ಇರಬಹುದು. ಇವರಿಗೆ ಇನ್ನೊಂದು ಮಾತು ಎಂದಿಗೂ ಬರದೇ ಹೋಗಬಹುದು.

ನನ್ನನ್ನೂ ಕೇಳಿದ್ದೀರಿ, ಬರಲಾ ಎಂದು. ಪರವಾಗಿಲ್ಲ ಅತ್ತಿಗೆ, ನಾನು ಹೇಗೋ ನೋಡಿಕೊಳ್ಳುತ್ತೇನೆ ಎಂದು ಬರೆಯಲು ಕೈ ಹೋಗುತ್ತಿದೆ. ನಾನೂ ಬಾಯಿ ಮುಚ್ಚಿಕೊಂಡಿದ್ದೇನೆ.

ಬನ್ನಿ.

ಸುನಿಮ್